ಅರ್ಧಕ್ಕಿಂತ ಹೆಚ್ಚು

ಊರಿನ ಎಷ್ಟೋ ಮನೆಗಳ ಮಾಡಿಗೆ ಮೊಳೆ ಹೊಡೆದವನು ಥರ್ಮನ್ ಗೇಡ್ಸನ್. ಅವನ ಮನೆಯ ಮಾಡೇ ಸೋರುತ್ತಿತ್ತು.

ಹೋದ ಸೆಪ್ಟೆಂಬರಿನಲ್ಲಿ ಕಡಲ ಕಡೆಯಿಂದ ಬಂದ ಬಿರುಗಾಳಿ ಮಾಡಿನ ಒಂದು ಮಗ್ಗುಲನ್ನು ಕಿತ್ತುಕೊಂಡು ಹೋಗಿತ್ತು. ಅಲ್ಲಿ ಈಗ ನೀಲಿ ಟಾರ್ಪಾಲು. ಬಿಸಿಲಿಗೆ ಟಾರ್ಪಾಲು ಹರಿಯಿತು. ಇನ್ನೊಂದು ಹೊದಿಸಿದ. ಅದೂ ಹರಿಯಿತು. ಮಳೆ ಬಂದಾಗಲೆಲ್ಲ ಹಾಸಿಗೆಯನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆಯುವುದು, ಬಕೆಟ್ಟು ಇಡುವುದು, ತುಂಬಿದ್ದನ್ನು ಚೆಲ್ಲುವುದು. ಬೇಸಿಗೆ ಬರುವ ಹೊತ್ತಿಗೆ ಗೋಡೆಯ ಒಳಗೆಲ್ಲ ಬೂಷ್ಟು ಹಿಡಿದಿತ್ತು. ಆ ವಾಸನೆ ಬಟ್ಟೆಗೆ ಹತ್ತಿತು. ಬಟ್ಟೆಯಿಂದ ಮೈಗೆ ಹತ್ತಿತು.

ಅವನ ಹೆಂಡತಿ ಅರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಮೂಗು ಹಿಡಿದುಕೊಂಡು, "ಆಂಟಿ, ನಿಮ್ಮತ್ರ ಒದ್ದೆ ನಾಯಿ ವಾಸನೆ ಬರ್ತದೆ" ಅಂದಳು. ಹಿಂದಿದ್ದ ಮಕ್ಕಳು ನಕ್ಕರು. ಅರ್ಲೀನ್ ಮಗುವಿನ ತಟ್ಟೆಗೆ ಅನ್ನ ಹಾಕಿದಳು, ಕಾಳಿನ ಗೊಜ್ಜು ಹಾಕಿದಳು, ಮುಂದಿನ ಮಗುವಿಗೆ ಹಾಕಿದಳು. ಮನೆಗೆ ಬಂದು ಇದ್ದ ಬಟ್ಟೆಯನ್ನೆಲ್ಲ ವಿನೆಗರ್ ನೀರಿಗೆ ಅದ್ದಿದಳು. ಅದಾದ ಮೇಲೂ ಭಾನುವಾರ ಚರ್ಚಿನಲ್ಲಿ ಅವಳ ಪಕ್ಕ ಕೂತಿದ್ದ ಹೆಂಗಸು, "ಇಲ್ಲಿ ಫ್ಯಾನ್ ಗಾಳಿ ಬರಲ್ಲ" ಅಂತ ಎದ್ದು ಹಿಂದಿನ ಬೆಂಚಿಗೆ ಹೋದಳು. ಫ್ಯಾನು ನೆತ್ತಿಯ ಮೇಲೇ ತಿರುಗುತ್ತಿತ್ತು.

"ಜೀವಮಾನವೆಲ್ಲ ಕಂಡವರ ಮಾಡು ಹತ್ತಿದ್ದೀಯ, ನನ್ನ ತಲೆ ಮೇಲೆ ನಾಲ್ಕು ಹಲಗೆ ಹೊಡೆಯೋಕಾಗಲ್ವಾ?" ಎಂದು ಅರ್ಲೀನ್ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಅವಳು ಕೇಳದೆ ಬಟ್ಟೆ ಹಿಂಡುತ್ತಿದ್ದಳು. ಥರ್ಮನ್ ಅವಳ ಕಣ್ಣು ತಪ್ಪಿಸಿ ಹೊರಗೆ ಹೋಗಿ ನಿಲ್ಲುತ್ತಿದ್ದ.

ಹಲಗೆ ಹೊಡೆಯಲು ಅವನಿಗೆ ಕೈ ಇತ್ತು. ಪರ್ಮಿಟ್ಟು ಇರಲಿಲ್ಲ.

ಬಿರುಗಾಳಿ ಹೋದ ಮೇಲೆ ನಗರಸಭೆಯ ಕಡೆಯಿಂದ ಒಬ್ಬ ಬಂದಿದ್ದ. ಎಳೇ ವಯಸ್ಸಿನವನು, ನಯವಾದ ಮಾತು. ಮನೆಯನ್ನು ಸುತ್ತಿ ನೋಡಿ ಕೈಯಲ್ಲಿದ್ದ ಟ್ಯಾಬಿನ ಮೇಲೆ ಬೆರಳಾಡಿಸಿದ.

"ಮನೆಗೆ ಎಂಬತ್ತು ವರ್ಷ ದಾಟಿದೆ ಸರ್."

"ನಮ್ಮ ತಾತ ಕಟ್ಟಿದ್ದು."

"ಹಳೇ ಮರದ ಮನೆ. ಇಂಥದಕ್ಕೆ ಮಾಡು ರಿಪೇರಿ ಅಂದ್ರೆ ಬರೀ ಮಾಡೊಂದೇ ಅಲ್ಲ. ಜಂತೆ, ಹಲಗೆ, ವೈರಿಂಗು ಎಲ್ಲಾ ಈಗಿನ ನಿಯಮಕ್ಕೆ ತರಬೇಕು. ಮನೆ ಹಳೇದಾದಷ್ಟೂ ಖರ್ಚು ಏರುತ್ತೆ. ಈ ಕಡೆ ಮನೆ ಬೆಲೆ ನೋಡಿದ್ರೆ, ಇಷ್ಟೇ." ಟ್ಯಾಬನ್ನು ತಿರುಗಿಸಿ ತೋರಿಸಿದ. "ಖರ್ಚು ಬೆಲೆಯ ಅರ್ಧಕ್ಕಿಂತ ಹೆಚ್ಚು. ಅರ್ಧಕ್ಕಿಂತ ಹೆಚ್ಚಾದ್ರೆ ರಿಪೇರಿಗೆ ಪರ್ಮಿಟ್ಟು ಕೊಡೋ ಹಾಗಿಲ್ಲ. ಕೆಡವಿ ಹೊಸದಾಗಿ ಕಟ್ಟಬೇಕು."

"ಯಾವ ದುಡ್ಡಲ್ಲಿ?"

"ಅದು ನಮ್ಮ ವಿಭಾಗಕ್ಕೆ ಬರಲ್ಲ ಸರ್."

"ನೋಡಪ್ಪಾ, ನಾನು ಮಾಡು ಕೆಲಸದವನು. ನನ್ನ ಮನೇದು ನಾನೇ ಮಾಡ್ಕೋತೀನಿ. ಸಾಮಾನಿಂದು ಮಾತ್ರ ಖರ್ಚು. ಕೂಲಿ ಇಲ್ಲ."

"ಕೂಲಿ ಸೇರಿಸಲೇಬೇಕು ಸರ್. ನಿಯಮ."

"ಯಾರ ಕೂಲಿ?"

"ಈಗಿನ ರೇಟಲ್ಲಿ ಕೆಲಸದವರ ಕೂಲಿ."

"ಆ ಕೆಲಸದವನು ನಾನೇ ಕಣಪ್ಪಾ."

ಹುಡುಗ ಇದು ತಮಾಷೆ ಅಂದುಕೊಂಡು ನಕ್ಕ. ಪರ್ಮಿಟ್ಟಿಲ್ಲದೆ ಮಾಡು ಮುಟ್ಟಿದರೆ ದಂಡ, ಕರೆಂಟೂ ಕಟ್ ಎಂದು ಅಷ್ಟೇ ನಯವಾಗಿ ಹೇಳಿ ಪಕ್ಕದ ಮನೆಗೆ ಹೋದ. ಅಲ್ಲೂ ಅರ್ಧಕ್ಕಿಂತ ಹೆಚ್ಚು. ಅದರಾಚೆಯದೂ ಅರ್ಧಕ್ಕಿಂತ ಹೆಚ್ಚು. ರೈಲು ಕಂಬಿಯ ಈಚೆಗಿದ್ದ ಆ ಕರಿಯರ ಕೇರಿಗೆ ಊರವರು ತಗ್ಗು ಅನ್ನುತ್ತಿದ್ದರು. ತಗ್ಗಿನ ಮನೆಗಳಿಗೆ ಬೆಲೆಯೇ ಇಲ್ಲದ ಮೇಲೆ ಯಾವ ರಿಪೇರಿಯಾದರೂ ಅರ್ಧಕ್ಕಿಂತ ಹೆಚ್ಚೇ.

ಕಂಬಿಯ ಆಚೆ ಗವರ್ನರ್ ಬೀದಿ. ಅಲ್ಲಿ ಲೆಕ್ಕ ಬೇರೆ.

ಆ ಬೇಸಿಗೆ ಥರ್ಮನ್ ಕೆಲಸ ಮಾಡುತ್ತಿದ್ದದ್ದು ಅದೇ ಗವರ್ನರ್ ಬೀದಿಯ ಟಾಲ್‌ಮನ್ ಮನೆಯಲ್ಲಿ. ಬಿಳಿಯರ ಮನೆ. ತಗ್ಗಿನ ಮನೆಗಳಿಗಿಂತ ಹಳೆಯದು. ಹೆಂಚಿನಂತೆ ತೆಳುವಾಗಿ ಸೀಳಿದ ಸ್ಲೇಟು ಕಲ್ಲಿನ ಮಾಡು, ಮೂರು ಗೋಪುರ, ಎಲ್ಲಿ ನೋಡಿದರೂ ಇಳಿಜಾರು. ಬಿರುಗಾಳಿ ನಾಲ್ಕಾರು ಕಡೆ ಕಲ್ಲು ಹಾರಿಸಿತ್ತು. ಒಂದೊಂದು ಕಲ್ಲೂ ಮೊದಲಿನ ಬಣ್ಣದ್ದೇ ಆಗಬೇಕೆಂದು ದೂರದ ಗಣಿಯಿಂದ ತರಿಸಿದ್ದರು. ಆ ಒಂದು ಮಾಡಿಗೆ ಆದ ಖರ್ಚಿನಲ್ಲಿ ತಗ್ಗಿನ ಒಂದು ಸಾಲಿಗೇ ಹೊಸ ಸೂರು ಹೊದಿಸಬಹುದಿತ್ತು. ಆದರೆ ಮನೆಯ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು. ಅರ್ಧದ ಹತ್ತಿರಕ್ಕೂ ಬರಲಿಲ್ಲ. ಪರ್ಮಿಟ್ಟು ಬಂತು, ಬಿರುಗಾಳಿ ಪರಿಹಾರ ನಿಧಿಯಿಂದ ಹಣವೂ ಬಂತು. ಅಲ್ಲಿ ಮನೆ ಹಳೆಯದಾದರೆ ಬೆಲೆ ಏರುತ್ತಿತ್ತು. ತಗ್ಗಿನಲ್ಲಿ ಹಳೆಯದಾದರೆ ಖರ್ಚು ಏರುತ್ತಿತ್ತು.

ಸ್ಲೇಟು ಕಲ್ಲನ್ನು ಹೆಗಲ ಮೇಲೆ ಹೊತ್ತು ಏಣಿ ಹತ್ತಬೇಕು. ಹೆಗಲಿನ ಚರ್ಮ ಸುಲಿದು, ಬೆವರು ಬಿದ್ದು ಉರಿಯುತ್ತದೆ. ಹತ್ತು ಗಂಟೆಯ ಹೊತ್ತಿಗೆ ಕಲ್ಲು ಕಾದ ಕಾವಲಿ. ಮಂಡಿಗೆ ಕಟ್ಟಿದ ರಬ್ಬರು ಮೆತ್ತಗಾಗಿ ಕಲ್ಲಿಗೆ ಅಂಟುತ್ತದೆ. ಕಲ್ಲಿನ ಪುಡಿ ಮೂಗಿಗೆ ಹೋಗಿ ಉಗುಳು ಬೂದು ಬಣ್ಣಕ್ಕೆ ತಿರುಗುತ್ತದೆ. ಥರ್ಮನ್‌ನ ಜೊತೆಗೆ ನೆಪ್ತಾಲಿ ಎಂಬವನಿದ್ದ. ಹೊಂಡುರಾಸ್ ದೇಶದವನು, ಈ ದೇಶದಲ್ಲಿರಲು ಕಾಗದಪತ್ರ ಇಲ್ಲದವನು, ಬಾಯಿಗೆ ಬೀಗ ಇಲ್ಲದವನು.

"ಥರ್ಮನ್ ಅಣ್ಣಾ, ನಾನು ಸತ್ರೆ ಈ ಮಾಡಿನ ಕೆಳಗೆ ಹೂಳಿಬಿಡು. ಬದುಕಿದ್ದಾಗಂತೂ ಒಣಗಿರೋ ಜಾಗ ಸಿಗಲಿಲ್ಲ."

"ನಿನ್ನ ಹೆಣಕ್ಕೂ ಪರ್ಮಿಟ್ಟು ಕೇಳ್ತಾರೆ ಸುಮ್ನಿರು."

"ಹೆಣದ ಬೆಲೆ ಎಷ್ಟು ಅಂತ ನೋಡ್ತಾರಾ?"

"ನೋಡ್ತಾರೆ. ಹೂಳೋ ಖರ್ಚು ಅರ್ಧಕ್ಕಿಂತ ಹೆಚ್ಚಾದ್ರೆ ಹಂಗೇ ಬಿಡ್ತಾರೆ."

ಇಬ್ಬರೂ ನಕ್ಕರು. ಕೆಳಗೆ ಟಾಲ್‌ಮನ್ ಮನೆಯಾಕೆ ತಲೆಯೆತ್ತಿ, ಸ್ವಲ್ಪ ಮೆಲ್ಲಗೆ, ಒಳಗೆ ನಾಯಿ ಹೆದರುತ್ತಿದೆ ಅಂದಳು. ಕೆಲಸದವರ ನೀರಿನ ಡಬ್ಬ ಗೇಟಿನ ಹೊರಗಿತ್ತು.

ಟಾಲ್‌ಮನ್ ಮನೆ ಮುಗಿದ ದಿನ ಗುತ್ತಿಗೆದಾರ ಡೇಲ್ ಕಿಂಬ್ರೋ ತನ್ನ ಟ್ರಕ್ಕಿನ ಹತ್ತಿರ ಥರ್ಮನ್‌ನನ್ನು ಕರೆದ. ಕಿಂಬ್ರೋ ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಥರ್ಮನ್ ಅವನನ್ನು ಮಿಸ್ಟರ್ ಡೇಲ್ ಅನ್ನಬೇಕು, ನೀವು ಅನ್ನಬೇಕು. ಅವನು ಥರ್ಮನ್‌ಗೆ ನೀನು ಅನ್ನುತ್ತಿದ್ದ. ಅವನ ಅಪ್ಪನೂ ಹಾಗೇ ಅನ್ನುತ್ತಿದ್ದ. ಇದು ಯಾರಿಗೂ ವಿಶೇಷ ಅನ್ನಿಸುತ್ತಿರಲಿಲ್ಲ.

"ಥರ್ಮನ್, ಸ್ಲೇಟು ಕೆಲಸ ಆಯ್ತು. ನಗರಸಭೆಯಿಂದ ಹೊಸ ಗುತ್ತಿಗೆ ಬಂದಿದೆ. ಕೆಡವೋ ಕೆಲಸ."

"ಎಲ್ಲಿ ಮಿಸ್ಟರ್ ಡೇಲ್?"

"ತಗ್ಗಲ್ಲಿ. ಹೊಸದಾಗಿ ಕಟ್ಟದೆ ಹಂಗೇ ಬಿಟ್ಟಿರೋ ಮನೆಗಳನ್ನ ನಗರಸಭೆನೇ ಕೆಡವಿಸುತ್ತೆ."

ಥರ್ಮನ್ ಹೆಗಲ ಮೇಲಿದ್ದ ಹಗ್ಗವನ್ನು ಕೆಳಗಿಟ್ಟ.

"ಮೊದಲು ಮಾಡನ್ನ ಕೈಯಲ್ಲೇ ಬಿಚ್ಚಬೇಕು. ಹಳೇ ಮರ ಚೆನ್ನಾಗಿದ್ರೆ ಹಾಳಾಗಬಾರದು. ಆಮೇಲೆ ಬುಲ್ಡೋಜರು. ನೀನು ಅಲ್ಲಿಯವನೇ ಅಲ್ವಾ? ನಿನ್ನ ಮುಖ ಕಂಡ್ರೆ ಜನ ಗಲಾಟೆ ಮಾಡಲ್ಲ."

"ನಮ್ಮ ಮನೆ..."

"ನಿನ್ನ ಮನೆ ಸದ್ಯಕ್ಕೆ ಪಟ್ಟೀಲಿಲ್ಲ. ನಾನು ಒಂದು ಮಾತು ಹೇಳಿಡ್ತೀನಿ. ನೀನು ನನ್ನ ಜೊತೆಗಿದ್ರೆ ಹೇಳೋದು ಸುಲಭ. ಇಲ್ಲಾಂದ್ರೆ ಬೇಡ ಬಿಡು, ಬೇರೆಯವರಿಗೇನು ಬರ ಇಲ್ಲ."

ಥರ್ಮನ್ ತನ್ನ ಬೂಟಿನ ತುದಿ ನೋಡಿಕೊಂಡ. "ಬರ್ತೀನಿ ಮಿಸ್ಟರ್ ಡೇಲ್," ಅಂದ. ತನ್ನ ದನಿ ತನಗೇ ಬೇರೆ ಯಾರದ್ದೋ ಅನ್ನಿಸಿತು. ಮನೆಗೆ ಹೋಗಿ ಅರ್ಲೀನ್‌ಗೆ, ಕೆಲಸ ಸಿಕ್ಕಿದೆ ಅಂದ. ಯಾವ ಕೆಲಸ ಎಂದು ಅವಳು ಕೇಳಿದಾಗ, ಮಾಡು ಕೆಲಸವೇ ಅಂದ. ಸುಳ್ಳೇನಲ್ಲ.

ಪಟ್ಟಿಯ ಮೊದಲ ಮನೆ ಮಿಸ್ ಓಡೆಲ್‌ಳದು.

ತಗ್ಗಿನಲ್ಲಿ ಅವಳ ಕೈಯ ಬಟ್ಟೆ ತೊಡದವರಿಲ್ಲ. ಚರ್ಚಿನ ಹಾಡುಗಾರರ ನಿಲುವಂಗಿ, ಮದುವೆಯ ಗೌನು, ಸತ್ತವರಿಗೆ ತೊಡಿಸುವ ಕೋಟು, ಎಲ್ಲವನ್ನೂ ಹೊಲಿದವಳು. ಥರ್ಮನ್‌ನ ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸಲು ಹೋಗುವಾಗ ಮಗನನ್ನು ಮಿಸ್ ಓಡೆಲ್‌ಳ ಹೊಲಿಗೆ ಯಂತ್ರದ ಪಕ್ಕ ಕೂರಿಸಿ ಹೋಗುತ್ತಿದ್ದಳು. ಅವನು ಅಲ್ಲೇ ಉಂಡು, ಅಲ್ಲೇ ಮಲಗಿ ಬೆಳೆದ. ಕೈಗೆ ಕೆಲಸ ಹತ್ತಿದ ಮೇಲೆ ಅವಳ ಮಾಡಿಗೆ ಹೊಸ ಡಾಂಬರು ಹಾಳೆ ಹೊದಿಸಿಕೊಟ್ಟವನೂ ಅವನೇ.

ಮಂಗಳವಾರ ಬೆಳಗ್ಗೆ ಟ್ರಕ್ಕು ಅವಳ ಮನೆಯ ಮುಂದೆ ನಿಂತಿತು. ಅವಳು ಆಗಲೇ ಬೀದಿಯ ಆಚೆ ಬದಿಗೆ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಇಸ್ತ್ರಿ ಮಾಡಿದ ಅಂಗಿ, ಚರ್ಚಿಗೆ ಹಾಕುವ ನೇರಳೆ ಹ್ಯಾಟು, ತೊಡೆಯ ಮೇಲೆ ಚೀಲ. ಹೊಲಿಗೆ ಯಂತ್ರ ಪಕ್ಕದಲ್ಲಿ ಬೀದಿಯಲ್ಲೇ ನಿಂತಿತ್ತು. ತಂಗಿಯ ಮಗಳು ಮಧ್ಯಾಹ್ನ ಗಾಡಿ ತಂದು ಕರೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ಕೂತು ನೋಡುತ್ತಾಳಂತೆ.

ಟ್ರಕ್ಕಿನಿಂದ ಇಳಿದವರಲ್ಲಿ ಥರ್ಮನ್ ಇದ್ದದ್ದನ್ನು ಅವಳು ನೋಡಿದಳು. ಅವನು ಟೋಪಿಯನ್ನು ಹುಬ್ಬಿನವರೆಗೆ ಕೆಳಕ್ಕೆ ಎಳೆದುಕೊಂಡ. ಏಣಿ ಒರಗಿಸಿದ. ಹತ್ತಿದ.

ಹಾರೆ ತೂರಿಸಿ ಮೀಟಿದರೆ ಡಾಂಬರು ಹಾಳೆ ಚರಚರ ಎಂದು ಏಳುತ್ತಿತ್ತು. ಕೆಳಗಿನ ಹಲಗೆ ಏಳಲಿಲ್ಲ. ಹಳೆಯ ಪೈನ್ ಮರ, ಕೆಂಪಗೆ, ಗಟ್ಟಿಯಾಗಿ, ಇನ್ನೂ ರಾಳದ ವಾಸನೆ ಕೊಡುತ್ತಿತ್ತು. ಮೊಳೆ ಕಚ್ಚಿ ಹಿಡಿದಿತ್ತು. ಮೀಟಿದಷ್ಟೂ ಮಾಡು ಬಿಡಲೊಲ್ಲೆ ಅನ್ನುವಂತೆ ಕಿರುಗುಟ್ಟುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ, ಒಂದು ಬಾಗಿಲಿನಷ್ಟು ಜಾಗ, ಮರ ಮೆತ್ತಗಾಗಿತ್ತು. ಅಷ್ಟೇ ಕೆಟ್ಟಿದ್ದು. ಊಟದ ಹೊತ್ತಿನೊಳಗೆ ಬದಲಿಸಿಬಿಡಬಹುದಾದಷ್ಟು.

ನೆಪ್ತಾಲಿ ಒಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ. "ಅಣ್ಣಾ, ಇದು ನಮ್ಮಿಬ್ಬರ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಇದನ್ಯಾಕೆ ಕೆಡವ್ತಿದೀವಿ?"

"ಕೆಲಸ ಮಾಡು."

"ಅಲ್ಲ, ಕೇಳಿದೆ ಅಷ್ಟೇ."

"ಕೇಳಬೇಡ. ಮಾಡು."

ನೆಪ್ತಾಲಿ ಹಾರೆ ಎತ್ತಿಕೊಂಡ. ಆಮೇಲೆ ಆ ದಿನ ಅವನು ಒಂದು ತಮಾಷೆಯನ್ನೂ ಆಡಲಿಲ್ಲ.

ಕಿತ್ತ ಹಲಗೆಗಳನ್ನು ಕಿಂಬ್ರೋ ಬೇರೆ ಟ್ರಕ್ಕಿಗೆ ಜೋಡಿಸಿ ಇಡಿಸುತ್ತಿದ್ದ. ಮೊಳೆ ಕಿತ್ತು, ಧೂಳು ಒರೆಸಿ, ಒಂದರ ಮೇಲೊಂದು, ಮಗುವನ್ನು ಮಲಗಿಸಿದ ಹಾಗೆ. ಗವರ್ನರ್ ಬೀದಿಯಲ್ಲಿ ಯಾರೋ ನೆಲಕ್ಕೆ ಹಾಸಲು ಹಳೆಯ ಪೈನೇ ಬೇಕು ಅಂದಿದ್ದರಂತೆ. ಹೊಸ ಮರದಲ್ಲಿ ಆ ಬಣ್ಣ ಬರುವುದಿಲ್ಲವಂತೆ.

ಬೀದಿಯಲ್ಲಿ ಜನ ಸೇರಿದ್ದರು. ಎಲ್ಲರೂ ಥರ್ಮನ್‌ಗೆ ಗೊತ್ತಿದ್ದವರು. ಯಾರೂ ಬೈಯಲಿಲ್ಲ. ಬೈದಿದ್ದರೆ ಬೆನ್ನು ಅಷ್ಟು ಉರಿಯುತ್ತಿರಲಿಲ್ಲವೇನೋ. ಬಿಸಿಲು ನೆತ್ತಿಗೆ ಬಂದಾಗ ಅವನಿಗೆ ಕಣ್ಣು ಕತ್ತಲಿಟ್ಟಿತು. ಏಣಿ ಇಳಿದು ಮನೆಯ ನೆರಳಲ್ಲಿ ನಿಂತ. ಮಿಸ್ ಓಡೆಲ್ ಕುರ್ಚಿಯಿಂದೆದ್ದು, ಕೋಲೂರಿಕೊಂಡು ಬೀದಿ ದಾಟಿ ಬಂದಳು.

"ನೀರು ಕುಡಿದ್ಯಾ ಮಗಾ?"

ಥರ್ಮನ್ ಟೋಪಿ ತೆಗೆದ.

"ಮುಖ ನೋಡು ಹೆಂಗಾಗಿದೆ. ಒಳಗೆ ನಲ್ಲಿ ಕಟ್ ಮಾಡಿದಾರೆ, ಇಲ್ಲಾಂದ್ರೆ ಒಂದು ಲೋಟ ಕೊಡ್ತಿದ್ದೆ." ಚೀಲದಿಂದ ಬಾಟಲಿ ತೆಗೆದು ಅವನ ಕೈಗಿಟ್ಟಳು. "ಕುಡಿ."

ಅವನು ಕುಡಿದ. ಅವಳ ಎದುರೇ ನಿಂತು, ಅವಳ ನೀರು ಕುಡಿದ. ಬಾಟಲಿಯನ್ನು ವಾಪಸು ತೆಗೆದುಕೊಂಡು ಅವಳು ತನ್ನ ಕುರ್ಚಿಗೆ ಹೋಗಿ ಕೂತಳು.

ಅವನು ಮತ್ತೆ ಏಣಿ ಹತ್ತಿದ. ಹತ್ತಬಾರದಿತ್ತು. ಹತ್ತಿದ.

ಸಂಜೆಯಾಗುವ ಮೊದಲು ಬುಲ್ಡೋಜರು ಬಂತು. ಗೋಡೆಗಳು ನಿಧಾನಕ್ಕೆ ಬೀಳುತ್ತವೆ ಅಂದುಕೊಂಡಿದ್ದ. ಹಾಗೇನಿಲ್ಲ. ಯಂತ್ರ ಮೂಗು ಒತ್ತಿತು, ಮನೆ ಕೂತುಬಿಟ್ಟಿತು. ಅಷ್ಟು ಹೊತ್ತಿಗೆ ಮಿಸ್ ಓಡೆಲ್ ಹೋಗಿಬಿಟ್ಟಿದ್ದಳು ಎಂಬುದೊಂದೇ ಅವನಿಗೆ ಸಮಾಧಾನ. ಆ ಸಮಾಧಾನಕ್ಕೂ ನಾಚಿಕೆಯಾಯಿತು.

ಮನೆಗೆ ಬಂದಾಗ ಅರ್ಲೀನ್ ಒಲೆಯ ಮುಂದೆ ನಿಂತಿದ್ದಳು. ಬೆನ್ನು ತಿರುಗಿಸಲಿಲ್ಲ.

"ಮಾಡು ಕೆಲಸ ಅಂದಿದ್ದೆ ನೀನು," ಅಂದಳು.

"ಅರ್ಲೀನ್..."

"ಕಿಂಬ್ರೋ ಏನಂದ? ನಮ್ಮನೆ ಬಿಡ್ತೀನಿ ಅಂದ್ನಾ?"

"ಒಂದು ಮಾತು ಹೇಳಿಡ್ತೀನಿ ಅಂದ."

"ನಂಬಿದ್ಯಾ?"

"ಇಲ್ಲ."

"ನಂಬದೇನೂ ಹೋದ್ಯಾ?"

ಅವನು ಕುರ್ಚಿ ಎಳೆದು ಕೂತ. ಕೈಗಳು ಮೇಜಿನ ಮೇಲೆ ಬಿದ್ದಿದ್ದವು. ಉಗುರುಗಳ ಸಂದಿಯಲ್ಲಿ ಡಾಂಬರು. ಅರ್ಲೀನ್ ತಟ್ಟೆ ತಂದಿಟ್ಟಳು. ಸೊಪ್ಪು, ಮೆಕ್ಕೆಜೋಳದ ರೊಟ್ಟಿ. ಅವನು ಮುಟ್ಟಲಿಲ್ಲ.

"ನಾನು ಈ ಭಾನುವಾರ ಚರ್ಚಿಗೆ ಹೋಗಲ್ಲ," ಅಂದಳು ಅರ್ಲೀನ್. "ವಾಸನೆ ಬರುತ್ತೆ ಅಂತಲ್ಲ. ವಾಸನೆ ಇಟ್ಕೊಂಡೇ ತಲೆ ಎತ್ತಿ ಕೂತಿದ್ದೆ ಇಷ್ಟು ದಿನ."

ಬುಧವಾರ ಕಸ ತುಂಬುವ ಕೆಲಸ. ಮಿಸ್ ಓಡೆಲ್‌ಳ ಮನೆ ಇದ್ದ ಜಾಗವನ್ನು ಗುಡಿಸಿ ಹಸನು ಮಾಡಿದರು. ಇಟ್ಟಿಗೆಯ ಚೂರು, ಗೋಡೆಯ ಕಾಗದ, ಗುಂಡಿಗಳ ಒಂದು ಡಬ್ಬ. ಥರ್ಮನ್ ಅದನ್ನೆಲ್ಲ ಸಲಿಕೆಯಲ್ಲಿ ಎತ್ತಿ ಹಾಕಿದ. ಆ ದಿನವೂ ಅವನು ಬಿಟ್ಟು ಹೋಗಲಿಲ್ಲ.

ಗುರುವಾರದ ಮನೆ ವರ್ನೀಸ್‌ಳದು. ಗಂಡ ಕರ್ಟಿಸ್‌ಗೆ ಮೂತ್ರಪಿಂಡ ಕೆಟ್ಟು, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಅವರಿಗೆ ಕುರ್ಚಿ ಹಾಕಿಕೊಂಡು ಕೂರುವಷ್ಟು ಸಹನೆ ಇರಲಿಲ್ಲ. ಹೋಗಲು ಜಾಗವೂ ಇರಲಿಲ್ಲ. ವರ್ನೀಸ್ ಬಾಗಿಲಲ್ಲೇ ನಿಂತಿದ್ದಳು. ಥರ್ಮನ್ ಏಣಿ ತಂದಾಗ ಅವನ ಮುಖದ ಮುಂದೆ ಬೆರಳು ತಂದಳು.

"ಬಾರಪ್ಪಾ ಬಾ. ಬಿಳಿ ದೊರೆಗಳ ಮುದ್ದಿನ ನಾಯಿ ಬಂತು. ನಮ್ಮನೇದು ಆದ್ಮೇಲೆ ಯಾರ್ದು? ಚರ್ಚಿಂದಾ? ಹೇಳಿಬಿಡು, ಪಾದ್ರಿಗೆ ಒಂದು ಮಾತು ಹೇಳಿಕಳಿಸ್ತೀನಿ."

ಕಿಂಬ್ರೋ ಟ್ರಕ್ಕಿನಿಂದ ಕೂಗಿದ. "ಥರ್ಮನ್, ಮಾತು ಬೇಡ. ಹತ್ತು."

ಅವನು ಹತ್ತಿದ. ನೆಪ್ತಾಲಿ ಹಿಂದೆ ಬಂದ. ಥರ್ಮನ್ ಮಾಡಿನ ನೆತ್ತಿಯಲ್ಲಿ ಮಂಡಿಯೂರಿ ಹಾರೆ ತೂರಿಸಿ ಒಂದು ಹಾಳೆ ಎಬ್ಬಿಸಿದ. ಮೀಟಿದ ಜಾಗದಲ್ಲಿ ಸಣ್ಣ ಬಿರುಕು ಬಿತ್ತು. ಬಿರುಕಿನಿಂದ ಒಳಗೆ ಕಂಡಿತು. ಕೆಳಗೆ ಮಂಚದ ಮೇಲೆ ಕರ್ಟಿಸ್ ಮಲಗಿದ್ದ. ಮೇಲಿಂದ ಬಿದ್ದ ಬಿಸಿಲಿನ ಗೆರೆ ಅವನ ಮುಖಕ್ಕೆ ಹೊಡೆಯಿತು. ಅವನು ಎದ್ದು ಕೂರಲಿಲ್ಲ, ಕೂಗಲಿಲ್ಲ. ಕೈ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡ.

ಥರ್ಮನ್ ಹಾರೆ ಕೆಳಗಿಟ್ಟ. ಅದು ಜಾರಿ ಮಾಡಿನ ಅಂಚಿನಿಂದ ಅಂಗಳಕ್ಕೆ ಬಿತ್ತು.

"ಏನಾಯ್ತೋ?" ಕಿಂಬ್ರೋ ಕೂಗಿದ.

ಥರ್ಮನ್ ಸೊಂಟದಿಂದ ಸುತ್ತಿಗೆ ತೆಗೆದ. ಎಬ್ಬಿಸಿದ ಹಾಳೆಯನ್ನು ಅಂಗೈಯಿಂದ ಒತ್ತಿ ಕೂರಿಸಿ ಮೊಳೆ ಹೊಡೆದ.

"ಲೇ, ಕಿವಿ ಕೇಳಿಸ್ತಿಲ್ವಾ? ಏನ್ ಮಾಡ್ತಿದೀಯ ನೀನು?"

"ಮಾಡು ಕೆಲಸ."

"ಕೆಳಗಿಳಿ."

"ಇಳಿಯಲ್ಲ."

"ಥರ್ಮನ್, ನಿನಗೆ ಕೊನೇ ಸಲ ಹೇಳ್ತಿದೀನಿ. ನಿನ್ನ ಮನೆ ನೆನಪಿಟ್ಕೋ."

"ಕೆಡವು ಡೇಲ್. ನೀನೇ ಹತ್ತಿ ಕೆಡವು. ನನ್ನ ಕೈಲಿ ಆಗಲ್ಲ."

ಬೀದಿಯಲ್ಲಿದ್ದವರಿಗೆ ಆ ನೀನು ಕೇಳಿಸಿತು. ಕಿಂಬ್ರೋಗೂ ಕೇಳಿಸಿತು. ಅವನ ಕತ್ತು ಕೆಂಪಾಯಿತು. ಜೇಬಿನಿಂದ ಫೋನು ತೆಗೆದ.

ಫೋನು ಕಂಡದ್ದೇ ನೆಪ್ತಾಲಿಯ ಮುಖ ಬಿಳುಚಿತು. ಪೊಲೀಸರು ಬಂದರೆ ಥರ್ಮನ್‌ಗೆ ಜೈಲು, ಅವನಿಗೆ ಗಡೀಪಾರು. "ಅಣ್ಣಾ, ನನಗೆ ಮಕ್ಕಳಿದಾವೆ," ಅಂದ.

"ಗೊತ್ತು. ಹೋಗು. ಓಡು."

ನೆಪ್ತಾಲಿ ಸೊಂಟದ ಮೊಳೆಚೀಲ ಬಿಚ್ಚಿ ಥರ್ಮನ್‌ನ ಪಕ್ಕಕ್ಕೆ ತಳ್ಳಿದ. ಏಣಿ ಇಳಿದು, ಹಿತ್ತಲಿನ ಬೇಲಿ ಹಾರಿ ಹೋದ. ಆಮೇಲೆ ಅವನನ್ನು ಆ ಊರಲ್ಲಿ ಯಾರೂ ಕಾಣಲಿಲ್ಲ.

ಬಿರುಗಾಳಿಗೆ ಹಾರಿಹೋಗಿದ್ದ ಮಗ್ಗುಲಿಗೆ ಇಲ್ಲೂ ಟಾರ್ಪಾಲು ಹೊದಿಸಿದ್ದರು, ಥರ್ಮನ್ ಅದನ್ನು ಕಿತ್ತೆಸೆದ. ಅದರಡಿಯ ಬರಿ ಜಂತೆಗಳು ಕಂಡವು. ಹಲಗೆ ಬೇಕು. ಕೆಳಗೆ ಬೀದಿಯಲ್ಲಿ ತಗ್ಗಿನವರೆಲ್ಲ ನಿಂತಿದ್ದರು. ಯಾವ ಮುಖ ಇಟ್ಟುಕೊಂಡು ಕೇಳುವುದು? ಮೊನ್ನೆ ಇವರೆಲ್ಲರ ಕಣ್ಣೆದುರು ಹಾರೆ ಹಿಡಿದಿದ್ದವನು. ಅಷ್ಟರಲ್ಲಿ ವರ್ನೀಸ್ ತನ್ನ ಕೋಳಿಗೂಡಿನ ಬಾಗಿಲನ್ನು ಕಿತ್ತು ತಂದು ಏಣಿಗೆ ಒರಗಿಸಿದಳು.

"ಇದು ಆಗುತ್ತಾ ನೋಡು," ಅಂದಳು. ದನಿಯಲ್ಲಿ ಪ್ರೀತಿ ಇರಲಿಲ್ಲ. "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ನನಗೆ. ಹಲಗೆ ಬೇಕಲ್ಲ, ಅದಕ್ಕೆ ಕೊಡ್ತಿದೀನಿ."

ಆಮೇಲೆ ಬೇರೆಯವರೂ ತಂದರು. ಮಂಚದ ಹಲಗೆ. ತಗಡು. ಬಿರುಗಾಳಿಯಲ್ಲಿ ಬಿದ್ದ ಬೇಲಿಯ ತುಂಡು. ಶಾಲೆಯಿಂದ ಅಡುಗೆಯ ಏಪ್ರನ್ನಿನಲ್ಲೇ ಓಡಿಬಂದ ಅರ್ಲೀನ್ ಏಣಿಯ ಅರ್ಧಕ್ಕೆ ಹತ್ತಿ ನಿಂತು ಕೈಯಿಂದ ಕೈಗೆ ದಾಟಿಸಿದಳು. ತಗಡು ಕೊಟ್ಟಳು, ಇಳಿದಳು, ಇನ್ನೊಂದು ತಂದಳು. ಪರ್ಮಿಟ್ಟಿಲ್ಲದ ಕೆಲಸ. ಹಾಡಹಗಲಲ್ಲಿ, ಊರು ನೋಡುತ್ತಿದ್ದಂತೆ.

ಇಬ್ಬರು ಪೊಲೀಸರು ಬಂದರು. ಒಬ್ಬ ತಗ್ಗಿನವನೇ. ಏಣಿಯ ಕೆಳಗೆ ನಿಂತು ಬೇಡಿಕೊಂಡ.

"ಇಳಿದು ಬಾ ಥರ್ಮನ್. ನನ್ನ ಕೈಯಿಂದ ಕೆಟ್ಟ ಕೆಲಸ ಮಾಡಿಸ್ಬೇಡ."

"ನನ್ನ ಕೈಲೂ ಹಂಗೇ ಮಾಡಿಸಿದ್ರು ಕಣಪ್ಪಾ. ನಿನ್ನ ಹಂಗೇ ನಾನೂ ಮಾಡಿದೆ."

ಪೊಲೀಸ್ ತನ್ನ ಟೋಪಿ ತೆಗೆದು ಏಣಿಯ ಬುಡದಲ್ಲಿಟ್ಟ. ಆಮೇಲೆ ಇಬ್ಬರೂ ಹತ್ತಿದರು. ಥರ್ಮನ್ ಕೊನೆಯ ತಗಡಿಗೆ ಮೊಳೆ ಹೊಡೆಯುತ್ತಿದ್ದ. ತೋಳು ಹಿಡಿದು ಎಳೆದರು. ಅವನು ಹೊಡೆದಾಡಲಿಲ್ಲ, ಮೈ ಸಡಿಲ ಬಿಟ್ಟ. ಮಾಡಿನ ಮೇಲೆ ಎಳೆದುಕೊಂಡು ಬರುವಾಗ ಮಂಡಿಯ ಚರ್ಮ ಕಿತ್ತು ಹೋಯಿತು. ಬೀದಿಯಲ್ಲಿ ಬೋರಲು ಮಲಗಿಸಿ ಬೆನ್ನ ಹಿಂದೆ ಕೋಳ ಹಾಕಿದರು. ಬಿಸಿ ರಸ್ತೆಗೆ ಕೆನ್ನೆ ಒತ್ತಿತ್ತು. ಯಾರೋ ಫೋನಿನಲ್ಲಿ ಅದನ್ನೆಲ್ಲ ಹಿಡಿದರು.

ಆ ಚಿತ್ರ ಟೀವಿಯಲ್ಲಿ ಬಂತು. ಅದಾದ ಮೇಲೆ ನಗರಸಭೆ ಕೆಡವುವುದನ್ನು ಸದ್ಯಕ್ಕೆ ನಿಲ್ಲಿಸಿತು. ನಿಯಮವನ್ನು ಬದಲಿಸಲಿಲ್ಲ. ವರ್ನೀಸ್‌ಳ ಮನೆಗೆ ಕರೆಂಟು ಕಟ್ ಮಾಡಿದರು, ಪಕ್ಕದ ಮನೆಯವರು ಕಿಟಕಿಯಿಂದ ತಂತಿ ಎಳೆದುಕೊಟ್ಟರು. ಜಾಮೀನಿನ ಮೇಲೆ ಜೈಲಿನಿಂದ ಹೊರಬಂದ ಥರ್ಮನ್‌ಗೆ ಆ ಊರಿನ ಯಾವ ಗುತ್ತಿಗೆದಾರನೂ ಕೆಲಸ ಕೊಡಲಿಲ್ಲ. ಕೋರ್ಟಿನ ಕೇಸು ನಡೆಯುತ್ತಲೇ ಇತ್ತು. ಭಾನುವಾರ ಚರ್ಚು ಮುಗಿದ ಮೇಲೆ ತಗ್ಗಿನವರು ಸೇರಿ ಒಂದೊಂದೇ ಮಾಡು ಹತ್ತತೊಡಗಿದರು. ಬಿಳಿ ಅಂಗಿ ಕಳಚಿಟ್ಟು ಹತ್ತುವುದು, ಪರ್ಮಿಟ್ಟು ಕೇಳದೆ ಹೊಡೆಯುವುದು. ದಂಡದ ಚೀಟಿ ಬಂದರೆ ಬರಲಿ. ಥರ್ಮನ್ ಎಲ್ಲಕ್ಕಿಂತ ಎತ್ತರದಲ್ಲಿ ಕೂತು ಕೆಲಸ ಮಾಡುತ್ತಿದ್ದ. ಮಕ್ಕಳು ಕೆಳಗಿಂದ ಅವನ ಹೆಸರು ಕೂಗುತ್ತಿದ್ದರು. ಟೀವಿಯಲ್ಲಿ ಬಂದವನೆಂದು ಹೊಸಬರು ಕೈ ಕುಲುಕಲು ಬರುತ್ತಿದ್ದರು. ಅವನು ಕೈ ಕೊಟ್ಟು ಬೇಗ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಮಾಡಿನ ಮೇಲಿಂದ ನೋಡಿದರೆ ಸಾಲು ಮನೆಗಳ ನಡುವೆ ಆ ಖಾಲಿ ಜಾಗ ಕಾಣುತ್ತಿತ್ತು. ಹುಲ್ಲು ಬಂದಿತ್ತು ಅಲ್ಲಿ.

ಒಂದು ದಿನ ಅವನು ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಊರಿನ ಇನ್ನೊಂದು ತುದಿಯಲ್ಲಿ, ಹೆದ್ದಾರಿಯ ಪಕ್ಕದ ಬಾಡಿಗೆ ಕಟ್ಟಡ. ಮೆಟ್ಟಿಲು ಹತ್ತಿ ಬಾಗಿಲು ಬಡಿದ. ತಂಗಿಯ ಮಗಳು ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆಗೆದವಳು ಮಿಸ್ ಓಡೆಲ್. ತಲೆಗೆ ಹ್ಯಾಟು ಇರಲಿಲ್ಲ. ಕೂದಲು ಇಷ್ಟು ತೆಳುವಾಗಿದೆ ಎಂದು ಅವನು ಮೊದಲು ನೋಡಿರಲಿಲ್ಲ.

"ಥರ್ಮನ್ನಾ?"

"ಹೌದಮ್ಮಾ."

"ವರ್ನೀಸ್ ಮನೆ ಮೇಲೆ ಕೂತಿದ್ಯಂತೆ. ಟೀವೀಲಿ ನೋಡಿದೆ. ನಿನ್ನ ಮುಖಾನ ರಸ್ತೆಗೆ ಒತ್ತಿದ್ರು. ನೋಡೋಕಾಗಲಿಲ್ಲ ನನಗೆ, ಆ ಕಡೆ ತಿರುಗಿಕೊಂಡೆ."

ಅವನು ಬಸ್ಸಿನಲ್ಲಿ ಬರುವಾಗ ಮಾತು ಜೋಡಿಸಿಕೊಂಡಿದ್ದ. "ಮಿಸ್ ಓಡೆಲ್, ನಾನು... ನಿಮ್ಮ ಮನೆ..."

"ನನ್ನದು ಮಂಗಳವಾರ ಬಿತ್ತು. ಅವಳದು ಗುರುವಾರ ಉಳೀತು."

"ಹೌದಮ್ಮಾ."

"ನಡುವೆ ಒಂದು ಬುಧವಾರ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಹೊಲಿಗೆ ಬಿಟ್ಟ ಜಾಗವನ್ನು ಬೆರಳಿಂದ ತೋರಿಸುವ ಹಾಗೆ ಹೇಳಿದಳು. "ನಿನಗೆ ನಾಚಿಕೆ ಬಂದದ್ದು ಒಳ್ಳೇದೇ ಆಯ್ತು ಮಗಾ. ಸ್ವಲ್ಪ ಮುಂಚೆ ಬರಬಹುದಿತ್ತು."

ಥರ್ಮನ್ ತಲೆಯಾಡಿಸಿದ. ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು. ಕಟ್ಟಡ ಸಣ್ಣಗೆ ನಡುಗಿತು.

"ಒಳಗೆ ಬಾ, ಕೂತ್ಕೋ ಅನ್ನೋಕಾಗಲ್ಲ," ಅಂದಳು ಮಿಸ್ ಓಡೆಲ್. "ತಂಗಿ ಮಗಳನ್ನ ಕೇಳದೆ ಯಾರನ್ನೂ ಕರೆಯಲ್ಲ ನಾನು. ಇದು ನನ್ನ ಮನೆ ಅಲ್ಲ."

ಬಾಗಿಲನ್ನು ಅವಳು ಮುಚ್ಚಲಿಲ್ಲ. ಅವನೂ ಹೋಗಲಿಲ್ಲ. ಅವಳು ಹೊಸ್ತಿಲ ಒಳಗೆ, ಅವನು ಹೊರಗೆ, ಇಬ್ಬರೂ ನಿಂತೇ ಇದ್ದರು.